ಗೇಮ್ ಎಲ್ಲಿ ತಡವರಿಸುತ್ತಿದೆ? ಗ್ರಾಫಿಕ್ಸ್ ವೇಗ ಅಳೆಯುವ ಟೂಲ್‌ಗಳನ್ನು ಯಾವ ಕ್ರಮದಲ್ಲಿ ಬಳಸಬೇಕು

ಗೇಮ್ ನಿಧಾನವಾಗಿದೆ ಎಂದಾಕ್ಷಣ ರೆಂಡರ್‌ಡಾಕ್ (ಒಂದು ಫ್ರೇಮ್ ಅನ್ನು ಹಿಡಿದು ಬಿಡಿಸಿ ತೋರಿಸುವ ಟೂಲ್) ತೆರೆದು ಕೂರುವವರೇ ಹೆಚ್ಚು. ಟೂಲ್ ಒಳ್ಳೆಯದೇ, ಆದರೆ ಮೊದಲು ತೆರೆಯಬೇಕಾದದ್ದು ಅದಲ್ಲ. ತಡವಾಗುತ್ತಿರುವುದು ಸಿಪಿಯುವಿನಲ್ಲೋ ಜಿಪಿಯುವಿನಲ್ಲೋ ಎಂದು ಗೊತ್ತಿಲ್ಲದೆ ಶೇಡರ್ (ಜಿಪಿಯುವಿನಲ್ಲಿ, ಅಂದರೆ ಗ್ರಾಫಿಕ್ಸ್ ಚಿಪ್‌ನಲ್ಲಿ ಓಡುವ ಪುಟ್ಟ ಪ್ರೋಗ್ರಾಂ) ತಿದ್ದಲು ಹೊರಟರೆ ವಾರ ಕಳೆದರೂ ಅರ್ಧ ಮಿಲಿಸೆಕೆಂಡ್ ಉಳಿಯದೆ ಹೋಗಬಹುದು.

ಎಫ್‌ಪಿಎಸ್ ಬಿಟ್ಟು ಫ್ರೇಮ್ ಟೈಮ್ ನೋಡಿ

60 ಎಫ್‌ಪಿಎಸ್ (ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ) ಬೇಕಾದರೆ ಒಂದು ಫ್ರೇಮ್‌ಗೆ ಸಿಗುವ ಸಮಯ 16.67 ಮಿಲಿಸೆಕೆಂಡ್. 120ಕ್ಕೆ 8.33, 30ಕ್ಕೆ 33.33. ಎಫ್‌ಪಿಎಸ್‌ನಲ್ಲಿ ಯೋಚಿಸಿದರೆ ಲೆಕ್ಕ ದಾರಿ ತಪ್ಪುತ್ತದೆ. 200ರಿಂದ 150ಕ್ಕೆ ಇಳಿದಾಗ ಫ್ರೇಮ್‌ಗೆ ಬಿದ್ದ ಹೊರೆ 1.67 ಮಿಲಿಸೆಕೆಂಡ್ ಅಷ್ಟೇ. 40ರಿಂದ 30ಕ್ಕೆ ಇಳಿದಾಗ 8.33. ನೋಡಲು ಸಣ್ಣದಾಗಿ ಕಾಣುವ ಎರಡನೆಯ ಇಳಿತವೇ ಐದು ಪಟ್ಟು ದುಬಾರಿ.

ಸರಾಸರಿಯನ್ನೂ ನಂಬಬೇಡಿ. ಒಂದು ಸೆಕೆಂಡಿನಲ್ಲಿ 59 ಫ್ರೇಮ್‌ಗಳು ತಲಾ 15 ಮಿಲಿಸೆಕೆಂಡ್ ತೆಗೆದುಕೊಂಡು, ಉಳಿದ ಒಂದೇ ಫ್ರೇಮ್ 115 ತೆಗೆದುಕೊಂಡರೂ ಸರಾಸರಿ ಸರಿಯಾಗಿ 60 ಎಫ್‌ಪಿಎಸ್. ಆಡುವವನ ಕಣ್ಣಿಗೆ ಕುಕ್ಕುವುದು ಆ ಒಂದು ಫ್ರೇಮ್. ಆದ್ದರಿಂದ ಪ್ರತಿ ಫ್ರೇಮ್‌ನ ಸಮಯದ ಗ್ರಾಫ್ ಮತ್ತು 99ನೇ ಪರ್ಸೆಂಟೈಲ್ (ನೂರರಲ್ಲಿ 99 ಫ್ರೇಮ್‌ಗಳು ಎಷ್ಟು ಸಮಯದೊಳಗೆ ಮುಗಿದವು ಎಂಬ ಅಂಕಿ), ಇವೆರಡೂ ಇಲ್ಲದ ಅಳತೆಯನ್ನು ಅಳತೆ ಎಂದು ಲೆಕ್ಕಕ್ಕಿಡಬೇಡಿ.

ಅಳೆಯುವ ಮುನ್ನ

ವಿ-ಸಿಂಕ್ (ಫ್ರೇಮ್ ಅನ್ನು ಪರದೆಯ ಲಯಕ್ಕೆ ಕಾಯಿಸುವ ವ್ಯವಸ್ಥೆ), ಫ್ರೇಮ್ ಮಿತಿ, ಡೈನಾಮಿಕ್ ರೆಸಲ್ಯೂಷನ್, ಫ್ರೇಮ್ ಜನರೇಷನ್ ಎಲ್ಲವನ್ನೂ ಆಫ್ ಮಾಡಿ. ವಿ-ಸಿಂಕ್ ಆನ್ ಇದ್ದಾಗ 17 ಮಿಲಿಸೆಕೆಂಡ್‌ನ ಕೆಲಸವೂ ಡಬಲ್ ಬಫರಿಂಗ್‌ನಲ್ಲಿ 33ಕ್ಕೆ ಜಿಗಿಯುತ್ತದೆ, ಆಗ ನೀವು ಅಳೆಯುವುದು ಕೆಲಸವನ್ನಲ್ಲ, ಕಾಯುವಿಕೆಯನ್ನು. ನಿಮ್ಮದೇ ಗೇಮ್ ಆದರೆ ಡೀಬಗ್ ಬಿಲ್ಡ್ ಬೇಡ, ರಿಲೀಸ್ ಬಿಲ್ಡ್ ಬಳಸಿ, ತಪ್ಪು ಹುಡುಕುವ ವ್ಯಾಲಿಡೇಷನ್ ಲೇಯರ್ ತೆಗೆಯಿರಿ. ಒಂದೇ ದೃಶ್ಯ, ಒಂದೇ ಕ್ಯಾಮೆರಾ ಹಾದಿ, 60 ಸೆಕೆಂಡಿನಂತೆ ನಾಲ್ಕು ಸಲ ಓಡಿಸಿ. ಮೊದಲ ಸಲದ್ದನ್ನು ಬೇರೆ ಇಡಿ, ಏಕೆಂದರೆ ಶೇಡರ್ ಕ್ಯಾಶ್ (ಕಂಪೈಲ್ ಆದ ಶೇಡರ್‌ಗಳ ಸಂಗ್ರಹ) ತುಂಬಿಕೊಳ್ಳುವುದು ಆಗಲೇ.

ಬಹುಮಂದಿ ಮರೆಯುವುದು ಜಿಪಿಯು ಕ್ಲಾಕ್ ಅನ್ನು. ಕೆಲಸ ಹಗುರಾದರೆ ಜಿಪಿಯು ತನ್ನ ಕ್ಲಾಕ್ ಇಳಿಸಿಕೊಳ್ಳುತ್ತದೆ. ನೀವು ಒಂದು ಪಾಸ್ (ಫ್ರೇಮ್ ಚಿತ್ರಿಸುವ ಒಂದು ಹಂತ) ತೆಗೆದುಹಾಕಿದಿರಿ, ಆದರೂ ಉಳಿದ ಪಾಸ್‌ಗಳ ಸಮಯ ಏರಿದಂತೆ ತೋರುವುದು ಇದರಿಂದಲೇ. ಎನ್‌ವಿಡಿಯಾ ಕಾರ್ಡ್‌ಗಳಲ್ಲಿ ಡ್ರೈವರ್ ಜೊತೆ ಬರುವ ಎನ್‌ವಿಡಿಯಾ-ಎಸ್‌ಎಂಐ ಆದೇಶದಿಂದ ಕ್ಲಾಕ್ ಅನ್ನು ಒಂದೇ ವೇಗಕ್ಕೆ ಕಟ್ಟಿಹಾಕಬಹುದು. ಕೆಲಸ ಮುಗಿದ ಮೇಲೆ ಬಿಡಿಸುವುದನ್ನು ಮರೆಯಬೇಡಿ.

ಸಿಪಿಯುವೋ ಜಿಪಿಯುವೋ

ವಿಂಡೋಸ್‌ನಲ್ಲಿ ಇದಕ್ಕೆ ಇಂಟೆಲ್‌ನ ಪ್ರೆಸೆಂಟ್‌ಮಾನ್ ಸಾಕು. ಉಚಿತ, ಓಪನ್ ಸೋರ್ಸ್, ಯಾವ ಕಂಪನಿಯ ಕಾರ್ಡ್ ಆದರೂ ಸರಿ. ವಿಂಡೋಸ್ ತಾನಾಗಿ ದಾಖಲಿಸುವ ಇವೆಂಟ್‌ಗಳನ್ನು ಓದುವುದರಿಂದ ಗೇಮ್ ಒಳಗೆ ಕೈಹಾಕುವುದಿಲ್ಲ. ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ, ಗೇಮ್‌ನ ಪ್ರಾಸೆಸ್ ಹೆಸರು ಕೊಡಿ, 60 ಸೆಕೆಂಡ್ ದಾಖಲಿಸಿ. ಪ್ರತಿ ಫ್ರೇಮ್‌ಗೆ ಒಂದು ಸಾಲಿನಂತೆ ಸಿಎಸ್‌ವಿ ಫೈಲ್ ಸಿಗುತ್ತದೆ. ಸಾಲುಗಳನ್ನು ನೋಡಿ ಬೇಸರವಾದರೆ ಇದೇ ತಳಹದಿಯ ಮೇಲೆ ನಿಂತಿರುವ ಕ್ಯಾಪ್‌ಫ್ರೇಮ್‌ಎಕ್ಸ್ ಗ್ರಾಫ್ ಬಿಡಿಸಿಕೊಡುತ್ತದೆ. ಲಿನಕ್ಸ್‌ನಲ್ಲಿ ಮ್ಯಾಂಗೋಹಡ್ ಬಳಸಿ.

ಫೈಲ್‌ನಲ್ಲಿ ಫ್ರೇಮ್ ಟೈಮ್ ಮತ್ತು ಜಿಪಿಯು ಬ್ಯುಸಿ ಎಂಬ ಎರಡು ಕಾಲಂಗಳನ್ನು ಅಕ್ಕಪಕ್ಕ ಇಡಿ. ಹೆಸರುಗಳು ಆವೃತ್ತಿಯಿಂದ ಆವೃತ್ತಿಗೆ ಸ್ವಲ್ಪ ಬದಲಾಗಿವೆ. ಫ್ರೇಮ್ 16.2, ಜಿಪಿಯು 15.9 ಎಂದಿದ್ದರೆ ತಡ ಜಿಪಿಯುವಿನದು. ಫ್ರೇಮ್ 16.2 ಇದ್ದು ಜಿಪಿಯು ಬರೀ 9 ಇದ್ದರೆ ಉಳಿದ ಹೊತ್ತು ಅದು ಸುಮ್ಮನೆ ಕೂತಿದೆ, ಸಿಪಿಯು ಕಡೆ ತಿರುಗಿ. ಟಾಸ್ಕ್ ಮ್ಯಾನೇಜರ್ ತೋರಿಸುವ ಶೇ. 99 ಎಂಬ ಅಂಕಿಯನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ಸರದಿಯಲ್ಲಿ ಕೆಲಸವಿತ್ತು ಎಂದಷ್ಟೇ ಅದರ ಅರ್ಥ. ಜಿಪಿಯುವಿನ ಯಾವ ಭಾಗ ದುಡಿಯಿತು, ಯಾವುದು ಮೆಮೊರಿಗಾಗಿ ಕಾಯಿತು ಎಂಬುದನ್ನು ಅದು ಹೇಳುವುದಿಲ್ಲ.

ಖಚಿತಪಡಿಸಿಕೊಳ್ಳಲು ರೆಸಲ್ಯೂಷನ್ ಇಳಿಸಿ. 2560×1440ರಿಂದ 1280×720ಕ್ಕೆ ಬಂದರೆ ಪಿಕ್ಸೆಲ್‌ಗಳು ಕಾಲು ಭಾಗ. ಆದರೂ ಫ್ರೇಮ್ ಟೈಮ್ ಅಲ್ಲಾಡದಿದ್ದರೆ ಪಿಕ್ಸೆಲ್ ಕೆಲಸ ತಡಕ್ಕೆ ಕಾರಣವಲ್ಲ. ಒಂದೋ ಸಿಪಿಯು, ಇಲ್ಲವೇ ರೆಸಲ್ಯೂಷನ್‌ಗೆ ಸಂಬಂಧವಿಲ್ಲದ ಶ್ಯಾಡೋ ಮ್ಯಾಪ್ (ನೆರಳಿನ ಲೆಕ್ಕ), ವರ್ಟೆಕ್ಸ್ (ತ್ರಿಕೋನಗಳ ಮೂಲೆಬಿಂದು) ಕೆಲಸ.

ಸಿಪಿಯು ಕಾರಣವಾದರೆ ಎಂಜಿನ್‌ನ ಪ್ರೊಫೈಲರೇ ಸಾಕು: ಅನ್‌ರಿಯಲ್‌ನಲ್ಲಿ ಸ್ಟ್ಯಾಟ್ ಯೂನಿಟ್ ಮತ್ತು ಅನ್‌ರಿಯಲ್ ಇನ್‌ಸೈಟ್ಸ್, ಯೂನಿಟಿಯಲ್ಲಿ ಪ್ರೊಫೈಲರ್ ವಿಂಡೋ. ಯೂನಿಟಿಯಲ್ಲಿ ‘ವೇಟ್ ಫಾರ್ ಪ್ರೆಸೆಂಟ್’ ಎಂಬ ಮಾರ್ಕರ್ ಉದ್ದವಾಗಿ ಕಂಡರೆ ಅದು ಸಿಪಿಯು ಕೆಲಸವಲ್ಲ, ಜಿಪಿಯುವಿಗೋ ವಿ-ಸಿಂಕ್‌ಗೋ ಕಾಯುತ್ತಿರುವುದು.

ಜಿಪಿಯು ಒಳಗೆ

ಈಗ ಬೇಕಾದರೆ ರೆಂಡರ್‌ಡಾಕ್ ತೆರೆಯಿರಿ. ಗೇಮ್ ಅನ್ನು ಅದರೊಳಗಿಂದಲೇ ಶುರು ಮಾಡಿ, ತಡವಾಗುವ ಜಾಗದಲ್ಲಿ ಎಫ್12 ಒತ್ತಿ. ಫ್ರೇಮ್‌ನ ಪ್ರತಿ ಡ್ರಾ (ಜಿಪಿಯುವಿಗೆ ಕೊಟ್ಟ ಒಂದು ಚಿತ್ರಿಸುವ ಆದೇಶ), ಪ್ರತಿ ಟೆಕ್ಸ್ಚರ್ ಎದುರಿಗೆ ಬರುತ್ತದೆ. ಎಂಜಿನ್ ಕೋಡ್‌ನಲ್ಲಿ ಡೀಬಗ್ ಮಾರ್ಕರ್ (ಹಂತಗಳಿಗೆ ಹೆಸರಿನ ಗುರುತು) ಹಾಕದಿದ್ದರೆ ಸಾವಿರಾರು ಹೆಸರಿಲ್ಲದ ಡ್ರಾಗಳ ನಡುವೆ ಹುಡುಕಬೇಕಾಗುತ್ತದೆ, ಆದ್ದರಿಂದ ಶ್ಯಾಡೋ, ಜಿ-ಬಫರ್ (ಮೇಲ್ಮೈ ವಿವರಗಳ ಬಫರ್), ಲೈಟಿಂಗ್, ಪೋಸ್ಟ್ (ಚಿತ್ರ ಬಿಡಿಸಿದ ಮೇಲಿನ ಪರಿಣಾಮಗಳು) ಎಂದು ಮೊದಲೇ ಹೆಸರಿಡಿ. ಕ್ವಾಡ್ ಓವರ್‌ಡ್ರಾ ಓವರ್‌ಲೇ ಹಾಕಿ ನೋಡಿ. ಹೊಗೆ, ಬೆಂಕಿಯಂಥ ಪಾರದರ್ಶಕ ಪಾರ್ಟಿಕಲ್‌ಗಳು ಒಂದೇ ಪಿಕ್ಸೆಲ್ ಮೇಲೆ ಎಷ್ಟು ಪದರ ಬಿದ್ದಿವೆ ಎಂಬುದು ಕಾಣುತ್ತದೆ. ದೂರದ ವಸ್ತುಗಳ ಪುಟಾಣಿ ತ್ರಿಕೋನಗಳೂ ಇಲ್ಲೇ ಸಿಕ್ಕಿಬೀಳುತ್ತವೆ: ಜಿಪಿಯು ಪಿಕ್ಸೆಲ್‌ಗಳನ್ನು 2×2 ಗುಂಪಿನಲ್ಲಿ ಶೇಡ್ ಮಾಡುವುದರಿಂದ ಒಂದು ಪಿಕ್ಸೆಲ್‌ನ ತ್ರಿಕೋನಕ್ಕೂ ನಾಲ್ಕರ ಖರ್ಚು.

ಆದರೆ ರೆಂಡರ್‌ಡಾಕ್ ತೋರಿಸುವ ಸಮಯದ ಅಂಕಿಗಳನ್ನು ಅಂದಾಜು ಎಂದೇ ತಿಳಿಯಿರಿ. ಅದು ಫ್ರೇಮ್ ಅನ್ನು ಮರುಓಡಿಸಿ ಅಳೆಯುತ್ತದೆ, ಗೇಮ್‌ನಲ್ಲಿ ಒಂದರ ಮೇಲೊಂದು ಹಾಯ್ದು ನಡೆಯುವ ಕೆಲಸ ಅಲ್ಲಿ ಹಾಗೇ ನಡೆಯುವುದಿಲ್ಲ. ಖಚಿತ ಸಮಯಕ್ಕೆ ಕಾರ್ಡ್ ತಯಾರಕರ ಟೂಲ್ ಬೇಕು: ಎನ್‌ವಿಡಿಯಾಕ್ಕೆ ಎನ್‌ಸೈಟ್ ಗ್ರಾಫಿಕ್ಸ್‌ನ ಜಿಪಿಯು ಟ್ರೇಸ್, ಎಎಂಡಿಗೆ ರೇಡಿಯಾನ್ ಜಿಪಿಯು ಪ್ರೊಫೈಲರ್. ಡೈರೆಕ್ಟ್‌ಎಕ್ಸ್ 12 ಗೇಮ್‌ಗೆ ಮೈಕ್ರೋಸಾಫ್ಟ್‌ನ ಪಿಕ್ಸ್ ಕೂಡ ಇದೆ, ಅದರ ಟೈಮಿಂಗ್ ಕ್ಯಾಪ್ಚರ್ ಸಿಪಿಯು, ಜಿಪಿಯು ಎರಡನ್ನೂ ಒಂದೇ ಕಾಲರೇಖೆಯಲ್ಲಿ ತೋರಿಸುತ್ತದೆ.

ಜಿಪಿಯು ಟ್ರೇಸ್‌ನಲ್ಲಿ ಅತಿ ಉದ್ದದ ಪಾಸ್ ಆರಿಸಿ, ಅದರಲ್ಲಿ ಯಾವ ಘಟಕದ ಥ್ರೂಪುಟ್ ಶೇಕಡಾ ಅತಿ ಹೆಚ್ಚಿದೆ ನೋಡಿ. ಶೇ. 80 ದಾಟಿದ್ದರೆ ಆ ಘಟಕ ತುಂಬಿಹೋಗಿದೆ, ಅದಕ್ಕೆ ಹೋಗುವ ಕೆಲಸವನ್ನೇ ಕಡಿಮೆ ಮಾಡಬೇಕು. ಎಲ್ಲವೂ ಶೇ. 60ಕ್ಕಿಂತ ಕೆಳಗಿದ್ದರೆ ಯಾರೂ ಪೂರ್ತಿ ದುಡಿಯುತ್ತಿಲ್ಲ, ಎಲ್ಲರೂ ಯಾವುದಕ್ಕೋ ಕಾಯುತ್ತಿದ್ದಾರೆ. ಅನಗತ್ಯ ಬ್ಯಾರಿಯರ್ (ಹಿಂದಿನ ಕೆಲಸ ಮುಗಿಯುವವರೆಗೆ ಮುಂದಿನದನ್ನು ತಡೆಯುವ ಆದೇಶ), ಚಿಕ್ಕ ಚಿಕ್ಕ ಡಿಸ್ಪ್ಯಾಚ್‌ಗಳ (ಕಂಪ್ಯೂಟ್ ಶೇಡರ್ ಓಡಿಸುವ ಆದೇಶ) ಸಾಲು, ರಿಜಿಸ್ಟರ್ (ಚಿಪ್ ಒಳಗಿನ ಪುಟ್ಟ ಮೆಮೊರಿ) ಹೆಚ್ಚು ತಿನ್ನುವ ಶೇಡರ್ ಸಾಮಾನ್ಯ ಕಾರಣಗಳು.

ಮೆಮೊರಿ ಕಾರಣವಾದರೆ ಕಾಗದದ ಮೇಲೆ ಲೆಕ್ಕ ಹಾಕಿ. 3840×2160ರಲ್ಲಿ 82,94,400 ಪಿಕ್ಸೆಲ್‌ಗಳು. 16 ಬಿಟ್ ಫ್ಲೋಟ್‌ನ ನಾಲ್ಕು ಚಾನೆಲ್ ಎಂದರೆ ಪಿಕ್ಸೆಲ್‌ಗೆ 8 ಬೈಟ್, ಒಟ್ಟು ಸುಮಾರು 66 ಎಂಬಿ. ಒಂದು ಪೋಸ್ಟ್ ಪಾಸ್ ಅದನ್ನು ಓದಿ ಬರೆದರೆ 132 ಎಂಬಿ, 60 ಎಫ್‌ಪಿಎಸ್‌ನಲ್ಲಿ ಸೆಕೆಂಡಿಗೆ ಹತ್ತಿರ ಹತ್ತಿರ 8 ಜಿಬಿ. ಆಲ್ಫಾ ಬೇಡವಾದರೆ 11-11-10 ಬಿಟ್‌ಗಳ ಫಾರ್ಮ್ಯಾಟ್‌ಗೆ ಬನ್ನಿ, ಅರ್ಧ ಉಳಿಯುತ್ತದೆ.

ಅಂದಹಾಗೆ, ಆಂಟಿ-ಚೀಟ್ ಇರುವ ಆನ್‌ಲೈನ್ ಗೇಮ್‌ಗೆ ರೆಂಡರ್‌ಡಾಕ್ ತಗುಲಿಸಬೇಡಿ. ಅಕೌಂಟ್ ಬ್ಯಾನ್ ಆಗುವ ಅಪಾಯವಿದೆ.

ಆಗೊಮ್ಮೆ ಈಗೊಮ್ಮೆ ತಡವರಿಸಿದರೆ

ಒಂದೇ ಫ್ರೇಮ್ ಕ್ಯಾಪ್ಚರ್ ಇದಕ್ಕೆ ಕೆಲಸಕ್ಕೆ ಬಾರದು. ಮೊದಲ ಸಲ ತಡವರಿಸಿದ ಜಾಗದಲ್ಲಿ ಎರಡನೇ ಸಲ ಸರಾಗವಾಗಿದ್ದರೆ ಶೇಡರ್ ಕಂಪೈಲ್ ಮೇಲೇ ಅನುಮಾನ. ಡ್ರೈವರ್‌ನ ಶೇಡರ್ ಕ್ಯಾಶ್ ಅಳಿಸಿ ಮತ್ತೆ ಓಡಿಸಿ, ತಡ ಮರಳಿ ಬಂದರೆ ಅದೇ ನಿಜ. ಪೈಪ್‌ಲೈನ್‌ಗಳನ್ನು (ಶೇಡರ್ ಮತ್ತು ಅದರ ಸೆಟ್ಟಿಂಗ್‌ಗಳ ಕಟ್ಟು) ಲೋಡಿಂಗ್ ಹೊತ್ತಿನಲ್ಲೇ ತಯಾರಿಸಿಡಬೇಕು. ಪ್ರತಿ ಸಲವೂ ಬಂದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಶೇರ್ಡ್ ಜಿಪಿಯು ಮೆಮೊರಿ ಏರುತ್ತಿದೆಯೇ ನೋಡಿ. ಏರುತ್ತಿದ್ದರೆ ವಿಡಿಯೋ ಮೆಮೊರಿ ತುಂಬಿ ಡೇಟಾ ಸಿಸ್ಟಂ ರ‍್ಯಾಮ್‌ಗೆ ಹೋಗುತ್ತಿರಬಹುದು. ಟೆಕ್ಸ್ಚರ್ ಗುಣಮಟ್ಟ ಒಂದು ಹಂತ ಇಳಿಸಿದರೆ ತಕ್ಷಣ ತಿಳಿಯುತ್ತದೆ.

ಮೊಬೈಲ್‌ನಲ್ಲಿ

ಯಾವ ಟೂಲ್ ಎಂಬುದು ಫೋನಿನ ಚಿಪ್ ಅನ್ನು ಅವಲಂಬಿಸಿದೆ: ಅಡ್ರೀನೋ ಜಿಪಿಯುವಿಗೆ ಸ್ನಾಪ್‌ಡ್ರ್ಯಾಗನ್ ಪ್ರೊಫೈಲರ್, ಮಾಲಿ ಜಿಪಿಯುವಿಗೆ ಆರ್ಮ್‌ನ ಸ್ಟ್ರೀಮ್‌ಲೈನ್, ಐಫೋನ್‌ಗೆ ಎಕ್ಸ್‌ಕೋಡ್‌ನ ಮೆಟಲ್ ಡೀಬಗರ್. ಈ ಜಿಪಿಯುಗಳು ಪರದೆಯನ್ನು ಟೈಲ್‌ಗಳಾಗಿ ಹೋಳು ಮಾಡಿ ಚಿತ್ರಿಸುತ್ತವೆ. ಹಳೆಯ ಬಣ್ಣ, ಡೆಪ್ತ್ ಬೇಡದಿದ್ದರೂ ಪಾಸ್ ಶುರುವಿನಲ್ಲಿ ‘ಲೋಡ್’ ಎಂದೇ ಬಿಟ್ಟರೆ ಪೂರ್ತಿ ಬಫರ್ ಮೆಮೊರಿಯಿಂದ ಟೈಲ್‌ಗೆ ಬರುತ್ತದೆ. ಅಲ್ಲಿ ‘ಕ್ಲಿಯರ್’ ಅಥವಾ ‘ಡೋಂಟ್ ಕೇರ್’ ಇಡಿ.

ಮೊದಲ ಎರಡು ನಿಮಿಷದ ಅಂಕಿ ಇಲ್ಲಿ ಲೆಕ್ಕಕ್ಕಿಲ್ಲ. ಫೋನ್ ಬಿಸಿಯಾದಂತೆ ಕ್ಲಾಕ್ ಇಳಿಯುತ್ತದೆ, 15ರಿಂದ 20 ನಿಮಿಷ ಓಡಿಸಿ ಕೊನೆಯ ಐದು ನಿಮಿಷ ನೋಡಿ. ಯುಎಸ್‌ಬಿ ಚಾರ್ಜಿಂಗ್‌ನ ಶಾಖವೂ ಅಳತೆ ಕೆಡಿಸುತ್ತದೆ, ಆಂಡ್ರಾಯ್ಡ್ ಫೋನ್ ಅನ್ನು ವೈಫೈ ಮೂಲಕ ಜೋಡಿಸುವುದು ಮೇಲು.