ಅದೃಷ್ಟದ ಸ್ಪ್ಯಾನಿಶ್ ನನಗೆ ಬಂದಿದ್ದು ಕನ್ನಡದಿಂದ

ಕನ್ನಡದಿಂದ ನೇರವಾಗಿ ಸ್ಪ್ಯಾನಿಶ್‌ಗೆ ಹೋಗ್ತೀನಿ ಅಂದಾಗ ನಮ್ಮ ಬ್ಯಾಚಿನಲ್ಲಿ ಒಬ್ಬರೂ ಒಪ್ಪಲಿಲ್ಲ. ನಡುವೆ ಇಂಗ್ಲಿಷ್ ಇಲ್ಲದೆ ಆಗೋದೇ ಇಲ್ಲ ಅಂದರು. ಈಗ ಸ್ಪ್ಯಾನಿಶ್ ಭಾಷಾ ಪರೀಕ್ಷೆ ದೆಲೆಯ ಬಿ2 ಲೆವೆಲ್ ರಿಸಲ್ಟ್ ಬಂದಿದೆ: ಆಪ್ತೊ, ಅಂದರೆ ಪಾಸ್. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ಬೆಂಗಳೂರಿನ ಒಂದು ಕಡೆ ಎರಡು ಲೆವೆಲ್‌ಗೆ ಸುಮಾರು 45 ಸಾವಿರ ಕಟ್ಟಿದೆ. ಆಮೇಲೆ ಆನ್‌ಲೈನ್ ಟ್ಯೂಟರ್, ಗಂಟೆಗೆ 900ರ ಆಸುಪಾಸು, ನಾಲ್ಕು ತಿಂಗಳು. ಇಷ್ಟಾದರೂ 'ನಾನು ಲಕ್ಕಿ' ಅನ್ನಲು ಬಾಯಿಗೆ ಬರುತ್ತಿದ್ದದ್ದು 'ಸೊಯ್ ಸ್ವೆರ್ತೆ'. ಅಂದರೆ 'ನಾನೇ ಅದೃಷ್ಟ'! 'ಐ ಆಮ್' ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಆ 'ಆಮ್'ಗೆ ಸ್ಪ್ಯಾನಿಶ್‌ನಲ್ಲಿ ಎರಡು ಕ್ರಿಯಾಪದ, ಸೆರ್ ಹಾಕಲಾ, ಎಸ್ತಾರ್ ಹಾಕಲಾ ಅಂತ ಒದ್ದಾಡುತ್ತಿದ್ದೆ. ಎರಡೂ ಅಲ್ಲ. ತೆಂಗೊ ಸ್ವೆರ್ತೆ. ನನಗೆ ಅದೃಷ್ಟ ಇದೆ, ಅಷ್ಟೇ.

ಕಣ್ಣು ತೆರೆಸಿದ್ದು ಒಂದು ಡಿಸೆಂಬರ್ 22. ಅವತ್ತು ಸ್ಪೇನಿನಲ್ಲಿ ಕ್ರಿಸ್‌ಮಸ್ ಲಾಟರಿ ಡ್ರಾ. 1812ರಲ್ಲಿ ಶುರುವಾದದ್ದು. ಸಾನ್ ಇಲ್ದೆಫೊನ್ಸೊ ಶಾಲೆಯ ಮಕ್ಕಳು ನಂಬರನ್ನೂ ಬಹುಮಾನವನ್ನೂ ರಾಗವಾಗಿ ಹಾಡುತ್ತಾರೆ. ದೊಡ್ಡ ಬಹುಮಾನದ ಹೆಸರು ಎಲ್ ಗೊರ್ದೊ, ಅಂದರೆ ದಪ್ಪನೆಯವನು. 20 ಯೂರೋ ಟಿಕೆಟಿಗೆ 4 ಲಕ್ಷ ಯೂರೋ. ನಾಲ್ಕು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂತೆ. ಆದರೆ ನಿಜವಾದ ಪಾಠ ಆಮೇಲೆ ಶುರುವಾಯಿತು. ಲಾಟರಿ ಅಂಗಡಿ ಮುಂದೆ ಜನ ಕಾವಾ (ಸ್ಪೇನಿನ ನೊರೆಯುಕ್ಕುವ ವೈನ್) ಬಾಟಲಿ ಕುಲುಕಿ ಹಾರಿಸುತ್ತಿದ್ದಾರೆ. ಒಬ್ಬ ಹೆಂಗಸು ಮೈಕ್ ಮುಂದೆ ಅಳುತ್ತಾ ನಗುತ್ತಾ ಕೂಗಿದರು: 'ನೊಸ್ ಆ ತೊಕಾದೊ!'

ವಿಡಿಯೋ ಅಲ್ಲೇ ನಿಲ್ಲಿಸಿದೆ. ತೊಕಾರ್ ಅಂದರೆ ಮುಟ್ಟು, ತಾಗು. ಅವರು 'ನಾವು ಗೆದ್ದೆವು' ಅನ್ನಲಿಲ್ಲ. 'ನಮಗೆ ಹೊಡೀತು' ಅಂದರು. ನಮ್ಮ ಮನೆಯಲ್ಲಿ ಹೇಳೋದೂ ಹೀಗೇ ಅಲ್ವಾ? ಲಾಟರಿ ಹೊಡೆಯುತ್ತೆ, ನಾವು ಸುಮ್ನೆ 'ಗೆ' ಹಚ್ಚಿಕೊಂಡು ನಿಂತಿರುತ್ತೇವೆ.

ಅವತ್ತೇ 60 ರೂಪಾಯಿಯ ನೋಟ್‌ಬುಕ್ ತಂದೆ. ಎಡಗಡೆ ಕನ್ನಡ, ಬಲಗಡೆ ಸ್ಪ್ಯಾನಿಶ್, ಇಂಗ್ಲಿಷ್‌ಗೆ ಜಾಗವೇ ಇಲ್ಲ. 'ಸದ್ಯ, ನೀನು ಬಂದೆ': ಮೆನೊಸ್ ಮಾಲ್ ಕೆ ಬಿನಿಸ್ತೆ. 'ಹಣೇಲಿ ಬರೆದಿತ್ತು': ಎಸ್ತಾಬಾ ಎಸ್ಕ್ರಿತೊ. ಬಲಗಾಲಿಟ್ಟು ಒಳಗೆ ಬರೋದು ಅವರಲ್ಲೂ ಇದೆ, ಕೊನ್ ಎಲ್ ಪ್ಯೆ ದೆರೆಚೊ. ಕಾಲ್ಗುಣ ಸರಿಯಿಲ್ಲದವನು ಗಾಫೆ. ಮಂಗಳವಾರದ ಗಾದೆ ಸಿಕ್ಕಾಗಲಂತೂ ನಮ್ಮಜ್ಜಿಯೇ ಮಾತಾಡಿದ ಹಾಗಾಯಿತು: ಮಂಗಳವಾರ ಮದುವೆಯೂ ಆಗಬೇಡ, ಹಡಗೂ ಹತ್ತಬೇಡ. ಅವರಿಗೆ ಕೆಟ್ಟ ದಿನ 13ನೇ ತಾರೀಕಿನ ಮಂಗಳವಾರ, ಇಂಗ್ಲಿಷಿನವರ ಹಾಗೆ ಶುಕ್ರವಾರ ಅಲ್ಲ.

ಎಲ್ಲರೂ ಹೆದರುವ ಸುಬ್‌ಹುಂತಿಬೊ (ಹಾರೈಕೆ, ಅನುಮಾನ ಹೇಳುವ ಕ್ರಿಯಾರೂಪ) ಕೂಡ ಇಲ್ಲೇ ಸಡಿಲವಾಯಿತು. 'ಒಳ್ಳೇದಾಗಲಿ' ಅಂತೀವಲ್ಲ, ಆ 'ಲಿ' ಹಿಡಿದುಕೊಳ್ಳಿ. ಕೆ ತೆ ಬಾಯಾ ಬ್ಯೆನ್. 'ನಿನಗೆ ಅದೃಷ್ಟ ಇರಲಿ': ಕೆ ತೆಂಗಾಸ್ ಸ್ವೆರ್ತೆ. 'ಮಳೆ ಬರಲಿ': ಒಹಾಲಾ ಯ್ವೆಬಾ. ಟ್ಯೂಟರ್ ಹತ್ತಿರ ಎರಡು ತಿಂಗಳು ತಿಣುಕಿದ್ದು ಹೀಗೆ ಎರಡು ವಾರದಲ್ಲಿ ಬಂತು. ಹಾರೈಕೆಗೆ ಮಾತ್ರ ಈ 'ಲಿ' ಸಾಕು, ಅನುಮಾನದ ವಾಕ್ಯಗಳಿಗೆ ಸಾಲದು. ಅದಕ್ಕೆ ಬೇರೆ ಕೊಂಡಿ ಇಟ್ಟುಕೊಂಡಿದ್ದೇನೆ, ನನ್ನ ಹತ್ತಿರ ಕಲಿಯಲು ಬರುವವರಿಗೆ ಹೇಳಿಕೊಡುತ್ತೇನೆ.

ಕೈಕೊಟ್ಟದ್ದೂ ಇದೆ. ಆಫೀಸಿನ ಮೆಕ್ಸಿಕೊ ಟೀಮಿನವರೊಬ್ಬರು 'ಎಸ್ತೊಯ್ ಸಲಾದೊ' ಅಂದಾಗ, ಸಲಾದೊ ಅಂದರೆ ಉಪ್ಪುಪ್ಪು ಅಂತಷ್ಟೇ ಗೊತ್ತಿದ್ದ ನಾನು ಉಪ್ಪಿನಲ್ಲೇ ನಿಂತೆ. ಅಲ್ಲಿ ಅದು 'ನನ್ನ ಟೈಮ್ ಸರಿಯಿಲ್ಲ'. ಸ್ಪೇನಿನಲ್ಲಿ ಅದೇ ಸಲಾದೊ ಹೊಗಳಿಕೆ, ಲವಲವಿಕೆಯ ಚುರುಕು ಮಾತಿನವರಿಗೆ. ಅವತ್ತಿಂದ ದೇಶಕ್ಕೊಂದು ಬಣ್ಣದ ಪೆನ್ನು. ಇನ್ನೊಂದು ಸಲ ಆಡಿಟ್‌ಗೆ ಹೊರಟಿದ್ದ ಸ್ಪೇನಿನ ಸಹೋದ್ಯೋಗಿಗೆ 'ಮುಚಾ ಮ್ಯೆರ್ದಾ' (ಪದಶಃ 'ತುಂಬಾ ಹೇಲು') ಅಂದುಬಿಟ್ಟೆ. ಆಕೆ ಒಂದು ಗಳಿಗೆ ಮಾತೇ ಆಡಲಿಲ್ಲ. ಅದು ನಾಟಕದವರು ಒಬ್ಬರಿಗೊಬ್ಬರು ಹೇಳುವ ಹಾರೈಕೆ. ಥಿಯೇಟರ್ ಮುಂದೆ ಕುದುರೆ ಲದ್ದಿ ಜಾಸ್ತಿ ಬಿದ್ದಿದ್ದರೆ ಗಾಡಿ ಜಾಸ್ತಿ ಬಂದಿವೆ, ಜನ ಜಾಸ್ತಿ ಸೇರಿದ್ದಾರೆ ಅಂತ ಅದಕ್ಕೆ ಅರ್ಥ ಕೊಡುತ್ತಾರೆ. ಆಫೀಸಿಗೆ 'ಮುಚಾ ಸ್ವೆರ್ತೆ' ಸಾಕು.

ಐದು ತಿಂಗಳಲ್ಲಿ ಸುಮಾರು 130 ಸಾಲು ತುಂಬಿತು. ಪರೀಕ್ಷೆಯಲ್ಲಿ ಮಾತಾಡುವಾಗ ತೊಕಾರ್ ಮೂರು ಸಲ ತಾನಾಗಿಯೇ ಬಂತು, ಒಂದು ಸಲವೂ ತಡವರಿಸಲಿಲ್ಲ. ಆಗದು ಅಂದಿದ್ದ ಬ್ಯಾಚಿನವರೇ ಈಗ ನೋಟ್‌ಬುಕ್ ಕೇಳುತ್ತಿದ್ದಾರೆ. ಮೊದಲ 20 ಪುಟ ಜೆರಾಕ್ಸ್ ಮಾಡಿಸಿ ಕೊಟ್ಟಿದ್ದೇನೆ.