ಮಕ್ಕಳು ಹೈಸ್ಕೂಲಿಗೆ, ನೀವು ಆಫೀಸ್ ರೂಮಿಗೆ

ನನ್ನ ಮಗಳ ಆಧಾರ್ ಕಾರ್ಡಿನಲ್ಲಿ ಹೆಸರಿನ ಕೊನೆಗೆ ಒಂದು ಇನಿಷಿಯಲ್ ಇದೆ. ಶಾಲೆಯ ದಾಖಲೆಯಲ್ಲಿ ಅದು ಇರಲಿಲ್ಲ. ಅಷ್ಟೇ ವಿಷಯ. ಆ ವರ್ಷ ಅವಳಿಗೆ ಬರಬೇಕಿದ್ದ ವಿದ್ಯಾರ್ಥಿವೇತನ ಬರಲಿಲ್ಲ. ಕ್ಲಾಸಿನಲ್ಲಿ ಮಿಕ್ಕವರಿಗೆಲ್ಲ ಬಂತು. ನಾನು ಮನೆಯಲ್ಲೇ ಕೂತು ಶಾಲೆಯವರನ್ನು ಬೈದುಕೊಂಡೆ. ಫೆಬ್ರವರಿಯಲ್ಲಿ ಹೋಗಿ ಕೇಳಿದಾಗ ಆಫೀಸಿನ ಗುಮಾಸ್ತರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಒಂದು ಕಡೆ ಇನಿಷಿಯಲ್ ಇತ್ತು, ಇನ್ನೊಂದು ಕಡೆ ಇರಲಿಲ್ಲ. "ಜೂನ್‌ನಲ್ಲೇ ಒಂದ್ಸಲ ಬಂದಿದ್ರೆ ಐದು ನಿಮಿಷದ ಕೆಲಸ ಇತ್ತಮ್ಮಾ" ಅಂದರು.

ಆವತ್ತಿನಿಂದ ಯಾರ ಮಗು ಎಂಟನೇ ತರಗತಿಗೆ ಸೇರಿದರೂ ನಾನು ಹೇಳುವುದು ಒಂದೇ ಮಾತು: ತೊಂದರೆ ಬರುವ ಮುಂಚೆಯೇ ಒಮ್ಮೆ ಶಾಲೆಗೆ ಹೋಗಿ ಬನ್ನಿ. ಸರ್ಕಾರಿ ಹೈಸ್ಕೂಲಿನಲ್ಲಿ ಮಕ್ಕಳಿಗೆ ಸಿಗಬೇಕಾದ್ದು ಬೇಕಾದಷ್ಟಿದೆ. ಆದರೆ ಯಾವುದೂ ಮನೆ ಬಾಗಿಲಿಗೆ ಬಂದು ಕರೆಯುವುದಿಲ್ಲ. ಗೇಟಿನ ಹತ್ತಿರ ನಿಂತು ಮಗುವನ್ನು ಬಿಟ್ಟು ವಾಪಸ್ ಬರುವ ನಮ್ಮ ಅಭ್ಯಾಸ ಇದೆಯಲ್ಲ, ಮೊದಲು ಅದನ್ನು ಬಿಡಬೇಕು.

ಮೊದಲು ಹೆಸರು ನೋಡಿ

ಶಾಲೆ ಶುರುವಾದ ಮೊದಲ ಎರಡು ವಾರದಲ್ಲೇ ಹೋಗಿ. ಜೊತೆಗೆ ಮಗುವಿನ ಆಧಾರ್, ಜನನ ಪ್ರಮಾಣಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಮಗುವಿನ ಹೆಸರಿನ ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಳ್ಳಿ. ಎಲ್ಲದರ ಒಂದೊಂದು ಜೆರಾಕ್ಸ್ ಕೂಡ.

ಸರ್ಕಾರಿ ಶಾಲೆಯ ಪ್ರತಿ ಮಗುವಿನ ವಿವರ ಸ್ಯಾಟ್ಸ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ಇರುತ್ತದೆ. ಮಗುವಿಗೆ ಒಂದು ಸ್ಯಾಟ್ಸ್ ನಂಬರ್ ಇರುತ್ತದೆ. ಆ ನಂಬರನ್ನು ಕೇಳಿ ಬರೆದುಕೊಳ್ಳಿ. ಆಮೇಲೆ ಸ್ಯಾಟ್ಸ್‌ನಲ್ಲಿ ಮಗುವಿನ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ತಾರೀಖು, ಜಾತಿ ಹೇಗಿದೆ ಅಂತ ತೋರಿಸಲು ಹೇಳಿ. ಬಾಯಲ್ಲಿ "ಎಲ್ಲಾ ಸರಿ ಇದೆ" ಅಂದರೆ ಸಾಲದು, ಕಣ್ಣಾರೆ ನೋಡಿ. ಒಂದು ಕೈಯಲ್ಲಿ ಆಧಾರ್ ಹಿಡಿದುಕೊಂಡು ಅಕ್ಷರ ಅಕ್ಷರ ತಾಳೆ ಹಾಕಿ. ಇಂಗ್ಲಿಷ್ ಸ್ಪೆಲ್ಲಿಂಗ್ ಕೂಡ ನೋಡಿ. ನಮ್ಮ ಕಡೆ ಮಂಜುನಾಥ ಅನ್ನುವ ಹೆಸರನ್ನೇ ನಾಲ್ಕು ಥರ ಬರೆಯುತ್ತಾರೆ, ಅಲ್ವಾ? ಕೆಲವರು ಥ ಅಕ್ಷರಕ್ಕೆ ಒಂದು ಹೆಚ್ ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಮನುಷ್ಯರಿಗೆ ಅದು ಒಂದೇ ಹೆಸರು. ಕಂಪ್ಯೂಟರಿಗೆ ನಾಲ್ಕು ಬೇರೆ ಬೇರೆ ಹುಡುಗರು.

ಈ ಹೆಸರು ಯಾಕೆ ಇಷ್ಟು ಮುಖ್ಯ ಅಂದರೆ, ಇದೇ ಮುಂದೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೋಗುತ್ತದೆ. ಅಂಕಪಟ್ಟಿಯಿಂದ ಪಿಯುಸಿಗೆ, ಸಿಇಟಿಗೆ, ಪಾಸ್‌ಪೋರ್ಟಿಗೆ, ಕೆಲಸಕ್ಕೆ. ವಿದ್ಯಾರ್ಥಿವೇತನಕ್ಕೂ ಇದೇ ಆಧಾರ. ಈಗ ಅಪಾರ್ ಐಡಿ ಅಂತ 12 ಅಂಕಿಯ ಇನ್ನೊಂದು ನಂಬರ್ ಬಂದಿದೆ. ಅದಕ್ಕೆ ಪೋಷಕರ ಒಪ್ಪಿಗೆ ಪತ್ರ ಕೇಳುತ್ತಾರೆ. ಅಲ್ಲೂ ಶಾಲೆಯ ಹೆಸರು ಮತ್ತು ಆಧಾರ್ ಹೆಸರು ಹೊಂದಬೇಕು. ಎಂಟನೇ ತರಗತಿಯಲ್ಲಿ ಸರಿ ಮಾಡಿಸಿದರೆ ಶಾಲೆಯ ಮಟ್ಟದಲ್ಲೇ ಅಥವಾ ಬಿಇಒ (ತಾಲ್ಲೂಕಿನ ಶಿಕ್ಷಣಾಧಿಕಾರಿ) ಆಫೀಸಿನಲ್ಲೇ ಮುಗಿಯುತ್ತದೆ. ಅಂಕಪಟ್ಟಿ ಪ್ರಿಂಟ್ ಆದಮೇಲೆ ತಿದ್ದಿಸಲು ಹೋದರೆ ಚಪ್ಪಲಿ ಸವೆಯುತ್ತದೆ.

ಯಾರ ಹತ್ತಿರ ಏನು ಕೇಳಬೇಕು

ಎಲ್ಲದಕ್ಕೂ ಹೆಡ್‌ಮಾಸ್ಟರ್ ಹತ್ತಿರವೇ ಹೋಗಬೇಕಿಲ್ಲ. ಹಾಜರಿ, ಓದು, ಮಗುವಿನ ನಡವಳಿಕೆ, ಪಕ್ಕದ ಬೆಂಚಿನವನ ಜೊತೆ ಜಗಳ ಇವೆಲ್ಲ ಕ್ಲಾಸ್ ಟೀಚರ್ ಹತ್ತಿರ. ಒಂದು ವಿಷಯದಲ್ಲಿ ಮಾತ್ರ ಹಿಂದೆ ಬಿದ್ದಿದ್ದರೆ ಆ ವಿಷಯದ ಮೇಷ್ಟ್ರ ಹತ್ತಿರ. ಹೈಸ್ಕೂಲಿನಲ್ಲಿ ಪಿಸಿಎಂ ಟೀಚರ್, ಸಿಬಿಝಡ್ ಟೀಚರ್ ಅನ್ನುವುದನ್ನು ಕೇಳಿ ಗಾಬರಿಯಾಗಬೇಡಿ. ಪಿಸಿಎಂ ಅಂದರೆ ಗಣಿತ ಮತ್ತು ಭೌತವಿಜ್ಞಾನದವರು, ಸಿಬಿಝಡ್ ಅಂದರೆ ಜೀವವಿಜ್ಞಾನದ ಕಡೆಯವರು. ವ್ಯಾಸಂಗ ಪ್ರಮಾಣಪತ್ರ, ಟಿಸಿ, ಸ್ಯಾಟ್ಸ್ ತಿದ್ದುಪಡಿ ಇದ್ದರೆ ಆಫೀಸಿನ ಗುಮಾಸ್ತರು, ಅಂದರೆ ಎಫ್‌ಡಿಎ ಅಥವಾ ಎಸ್‌ಡಿಎ. ಗುಮಾಸ್ತರ ಹುದ್ದೆ ಖಾಲಿ ಇರುವ ಶಾಲೆಯಲ್ಲಿ ಯಾರೋ ಒಬ್ಬ ಮೇಷ್ಟ್ರು ಪಾಠದ ನಡುವೆ ಆ ಕೆಲಸವನ್ನೂ ಮಾಡುತ್ತಿರುತ್ತಾರೆ. ಅವರು ಯಾರು ಅಂತ ಮೊದಲೇ ತಿಳಿದುಕೊಳ್ಳಿ, ಅವರಿಗೆ ಪಾಠ ಇಲ್ಲದ ಪಿರಿಯಡ್ ಯಾವುದು ಅಂತ ಕೇಳಿಕೊಂಡು ಹೋಗಿ. ಬೆಳಗಿನ ಪ್ರಾರ್ಥನೆ ಹೊತ್ತು, ಊಟ ಬಡಿಸುವ ಹೊತ್ತು ಹೋದರೆ ಸುಮ್ನೆ ಕಾಯಬೇಕಾಗುತ್ತದೆ.

ಇನ್ನು ಎಸ್‌ಡಿಎಂಸಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಇದರಲ್ಲಿ ನಿಮ್ಮಂಥ ಪೋಷಕರೇ ಇರುತ್ತಾರೆ. ಶೌಚಾಲಯಕ್ಕೆ ನೀರಿಲ್ಲ, ಗಣಿತ ಮೇಷ್ಟ್ರ ಹುದ್ದೆ ಖಾಲಿ ಬಿದ್ದಿದೆ ಅನ್ನುವಂಥ ಎಲ್ಲರ ಸಮಸ್ಯೆಗೆ ಇದೇ ಜಾಗ. ಸದಸ್ಯರ ಫೋನ್ ನಂಬರ್ ಇಟ್ಟುಕೊಂಡಿರಿ.

ದುಡ್ಡು ಬರುವ ದಾರಿ

ವಿದ್ಯಾರ್ಥಿವೇತನದ ವಿಷಯದಲ್ಲಿ ಜನ ಜಾಸ್ತಿ ಎಡವುವುದು ಮೂರು ಕಡೆ. ಒಂದು ಹೆಸರು, ಅದನ್ನು ಆಗಲೇ ಹೇಳಿದೆ. ಎರಡನೆಯದು ಪ್ರಮಾಣಪತ್ರ. ರಾಜ್ಯದ ವಿದ್ಯಾರ್ಥಿವೇತನಗಳು ಎಸ್‌ಎಸ್‌ಪಿ ಪೋರ್ಟಲ್ (ಅರ್ಜಿ ಹಾಕುವ ರಾಜ್ಯದ ವೆಬ್‌ಸೈಟ್) ಮೂಲಕ ಬರುತ್ತವೆ. ಅಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ (ಪ್ರಮಾಣಪತ್ರದ ಮೇಲೇ ಇರುವ ನಂಬರ್) ಬೇಕು. ಇವನ್ನು ನಾಡಕಚೇರಿಯಲ್ಲಿ ಮಗುವಿನ ಹೆಸರಿಗೇ ಮಾಡಿಸಿ. ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಅವಧಿ ಇದೆ. ಐದನೇ ತರಗತಿಯಲ್ಲಿ ಮಾಡಿಸಿದ್ದು ಹತ್ತನೇ ತರಗತಿಯ ಹೊತ್ತಿಗೆ ಹಳತಾಗಿರುತ್ತದೆ. ತಾರೀಖು ನೋಡಿಕೊಳ್ಳಿ.

ಮೂರನೆಯದು ಬ್ಯಾಂಕ್ ಖಾತೆ. ಖಾತೆಗೆ ಆಧಾರ್ ಕೊಟ್ಟರೆ ಆಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಸರ್ಕಾರದ ದುಡ್ಡು ಬರಬೇಕಾದರೆ ಆ ಖಾತೆ ಬ್ಯಾಂಕುಗಳ ನಡುವಿನ ಹಣ ವರ್ಗಾವಣೆ ನೋಡಿಕೊಳ್ಳುವ ಎನ್‌ಪಿಸಿಐನಲ್ಲಿ ಆಧಾರ್‌ಗೆ ಜೋಡಣೆ ಆಗಿರಬೇಕು. ಬ್ಯಾಂಕಿಗೆ ಹೋಗಿ "ಎನ್‌ಪಿಸಿಐ ಆಧಾರ್ ಸೀಡಿಂಗ್ ಮಾಡಿಕೊಡಿ" ಅಂತಲೇ ಕೇಳಿ. ಮಗುವಿಗೆ ಎರಡು ಖಾತೆ ಇದ್ದರೆ ದುಡ್ಡು ಹೋಗುವುದು ಕೊನೆಗೆ ಜೋಡಣೆಯಾದ ಖಾತೆಗೆ. ಎಷ್ಟೋ ಸಲ ದುಡ್ಡು ಬಂದೇ ಇರುತ್ತದೆ, ನಾವು ಬೇರೆ ಪಾಸ್‌ಬುಕ್ ಹಿಡಿದು ಕಾಯುತ್ತಿರುತ್ತೇವೆ.

ಇನ್ನೊಂದು ವಿಷಯ ಬಹಳ ಪೋಷಕರಿಗೆ ಗೊತ್ತಿಲ್ಲ. ಅದು ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕಾಗಿ ನಡೆಯುವ ಎನ್‌ಎಂಎಂಎಸ್ ಪರೀಕ್ಷೆ. ಎಂಟನೇ ತರಗತಿಯ ಮಕ್ಕಳಿಗೆ, ಅದೂ ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯವರಿಗೆ ಮಾತ್ರ. ಮನೆಯ ವರ್ಷದ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಏಳನೇ ತರಗತಿಯಲ್ಲಿ ಶೇ 55 ಅಂಕ ಇರಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 5ರಷ್ಟು ರಿಯಾಯಿತಿ. ಪರೀಕ್ಷೆಯಲ್ಲಿ ಎರಡು ಪತ್ರಿಕೆ: ಒಂದು ಬೌದ್ಧಿಕ ಸಾಮರ್ಥ್ಯದ್ದು, ಇನ್ನೊಂದು ಪಾಠದ್ದು. ಒಂದೊಂದರಲ್ಲೂ 90 ಪ್ರಶ್ನೆ. ಆಯ್ಕೆಯಾದರೆ ಒಂಬತ್ತರಿಂದ ಎರಡನೇ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000 ಆಯಿತು. ಅರ್ಜಿಯನ್ನು ಶಾಲೆಯ ಮೂಲಕವೇ ಹಾಕಬೇಕು. "ಚೆನ್ನಾಗಿ ಓದುವವರಿಗೆ ಮಾತ್ರ" ಅಂತ ಕೆಲವು ಕಡೆ ನಾಲ್ಕೈದು ಮಕ್ಕಳನ್ನಷ್ಟೇ ಕೂರಿಸುತ್ತಾರೆ. ನನಗೆ ಇದು ಸರಿ ಅನ್ನಿಸುವುದಿಲ್ಲ. ಅರ್ಹತೆ ಇರುವ ಮಗು ಬರೆಯಲಿ ಬಿಡಿ, ಕಳೆದುಕೊಳ್ಳುವುದೇನು? ನಿಮ್ಮ ಮಗುವಿನ ಹೆಸರು ಸೇರಿಸಿ ಅಂತ ನೀವೇ ಕೇಳಿ.

ಕಟ್ಟಡ ಕೆಲಸದವರಾದರೆ ಲೇಬರ್ ಕಾರ್ಡ್ ಮೇಲೆ ಮಕ್ಕಳ ಓದಿಗೆ ಸಹಾಯಧನ ಇದೆ. ಅದು ಕಾರ್ಮಿಕ ಇಲಾಖೆಯದು, ಶಾಲೆಯದಲ್ಲ. ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಮಾತ್ರ ಬೇಕಾಗುತ್ತದೆ. ಊರು ದೂರವಾದರೆ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್, ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್ ಇವೆ. ಅರ್ಜಿ ವರ್ಷದ ಶುರುವಿನಲ್ಲೇ ಕರೆಯುತ್ತಾರೆ.

ಊಟ, ಬಸ್ಸು, ಮೈ ಹುಷಾರು

ಪಠ್ಯಪುಸ್ತಕ, ಸಮವಸ್ತ್ರ, ಶೂ, ಸಾಕ್ಸ್ ಉಚಿತ. ಬಿಸಿಯೂಟ ಹತ್ತನೇ ತರಗತಿವರೆಗೂ ಇದೆ. ಹಾಲೂ ಇದೆ, ಮೊಟ್ಟೆಯೂ ಇದೆ, ತಿನ್ನದವರಿಗೆ ಬಾಳೆಹಣ್ಣು. ಹೈಸ್ಕೂಲಿಗೆ ಬಂದ ಮಕ್ಕಳು, ಅದರಲ್ಲೂ ಹುಡುಗರು, ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಲು ನಾಚಿಕೊಂಡು ಊಟ ಬಿಡುತ್ತಾರೆ. ಒಮ್ಮೆ ನೀವೇ ಮಧ್ಯಾಹ್ನ ಹೋಗಿ ಊಟ ಹೇಗಿದೆ ನೋಡಿ. ಪೋಷಕರು ರುಚಿ ನೋಡಬಾರದು ಅಂತ ಯಾರೂ ಹೇಳುವಂತಿಲ್ಲ.

ಬಸ್ಸಿನ ವಿಷಯದಲ್ಲಿ ಗಂಡು ಹೆಣ್ಣು ಮಕ್ಕಳಿಗೆ ಲೆಕ್ಕ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಮೇಲೆ ಹುಡುಗಿಯರು ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಉಚಿತವಾಗಿ ಹೋಗಬಹುದು. ಗುರುತಿನ ಚೀಟಿ ಜೊತೆಗಿರಲಿ. ಹುಡುಗರಿಗೆ ವಿದ್ಯಾರ್ಥಿ ಪಾಸ್ ಮಾಡಿಸಬೇಕು. ಅದಕ್ಕೆ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ. ಅಲ್ಲಿಯೂ ಸ್ಯಾಟ್ಸ್ ನಂಬರ್ ಕೇಳುತ್ತದೆ, ಬರೆದಿಟ್ಟುಕೊಳ್ಳಿ ಅಂದದ್ದು ಇದಕ್ಕೇ.

ಆರ್‌ಬಿಎಸ್‌ಕೆ ಅನ್ನುವ ಸರ್ಕಾರಿ ಮಕ್ಕಳ ಆರೋಗ್ಯ ಯೋಜನೆಯ ತಂಡದ ಡಾಕ್ಟರುಗಳು ವರ್ಷಕ್ಕೊಮ್ಮೆ ಶಾಲೆಗೆ ಬಂದು ಮಕ್ಕಳನ್ನು ಪರೀಕ್ಷೆ ಮಾಡುತ್ತಾರೆ. ಕಣ್ಣು, ಕಿವಿ, ಹಲ್ಲು, ರಕ್ತಹೀನತೆ ಎಲ್ಲ ನೋಡುತ್ತಾರೆ. ತೊಂದರೆ ಕಂಡರೆ ಮುಂದಿನ ಆಸ್ಪತ್ರೆಗೆ ಚೀಟಿ ಬರೆದು ಕೊಡುತ್ತಾರೆ. ಆ ಚೀಟಿ ಬ್ಯಾಗಿನ ತಳದಲ್ಲಿ ಮುದುಡಿ ಹೋಗುವುದೇ ಜಾಸ್ತಿ. ಬೋರ್ಡ್ ಕಾಣಿಸದ ಮಗುವನ್ನು ಓದಿನಲ್ಲಿ ಮಂದ ಅಂತ ವರ್ಷಗಟ್ಟಲೆ ಬೈದ ಮನೆಗಳನ್ನು ನಾನು ನೋಡಿದ್ದೇನೆ. ತಂಡ ಬಂದ ದಿನ ಏನಂದರು ಅಂತ ಮಗುವನ್ನು ಕೇಳಿ. ಹೆಣ್ಣುಮಕ್ಕಳಿಗೆ ಶುಚಿ ಯೋಜನೆಯ ಪ್ಯಾಡ್, ಹುಡುಗ ಹುಡುಗಿ ಇಬ್ಬರಿಗೂ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಸಿಗುತ್ತವೆ. ಮಾತ್ರೆ ಖಾಲಿ ಹೊಟ್ಟೆಯಲ್ಲಿ ಬೇಡ, ಊಟ ಆದಮೇಲೆ ತೆಗೆದುಕೊಳ್ಳಲು ಹೇಳಿ.

ಮಗು ಮಾತು ಕಡಿಮೆ ಮಾಡಿದೆ, ಶಾಲೆ ಅಂದರೆ ಹೆದರುತ್ತಿದೆ ಅನ್ನಿಸಿದರೆ ಕ್ಲಾಸ್ ಟೀಚರ್ ಜೊತೆ ಮಾತಾಡಿ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಸಹಾಯವಾಣಿ 14416, ಮಕ್ಕಳ ಮೇಲೆ ದೌರ್ಜನ್ಯದಂಥ ವಿಷಯಕ್ಕೆ 1098. ಎರಡಕ್ಕೂ ದುಡ್ಡಿಲ್ಲ.

ಕಲಿಕೆ ಕಷ್ಟವಾದ ಮಕ್ಕಳಿಗೆ

ಅಂಗವೈಕಲ್ಯ ಇರುವ ಮಕ್ಕಳಿಗಾಗಿ ಪ್ರತಿ ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ಬಿಐಇಆರ್‌ಟಿ ಅನ್ನುವ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ವೈದ್ಯಕೀಯ ತಪಾಸಣಾ ಶಿಬಿರ, ಸಾಧನ ಸಲಕರಣೆ, ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಪಾಠ ಇವೆಲ್ಲ ಅವರ ಮೂಲಕ. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಬೇಕಾದರೆ ಅದನ್ನು ಪರೀಕ್ಷೆಯ ಹಿಂದಿನ ವಾರ ಕೇಳಿದರೆ ಆಗುವುದಿಲ್ಲ. ಒಂಬತ್ತನೇ ತರಗತಿಯಲ್ಲೇ ಯುಡಿಐಡಿ ಕಾರ್ಡ್ (ಅಂಗವೈಕಲ್ಯದ ಗುರುತಿನ ಚೀಟಿ) ಮಾಡಿಸಿ ಶಾಲೆಗೆ ಕೊಟ್ಟಿಡಿ. ಅಕ್ಷರ ತಿರುಗಿ ಬರೆಯುವ, ಓದಲು ಬಹಳ ತಿಣುಕುವ ಮಗುವನ್ನೂ ತಪಾಸಣೆಗೆ ಕರೆದುಕೊಂಡು ಹೋಗಿ. ಕಲಿಕಾ ನ್ಯೂನತೆಯೂ ಅಂಗವೈಕಲ್ಯದ ಪಟ್ಟಿಯಲ್ಲಿದೆ.

ಕೆಲಸ ಆಗದಿದ್ದರೆ

ಬಾಯಿಮಾತಲ್ಲಿ ಎರಡು ಸಲ ಕೇಳಿ. ಮೂರನೇ ಸಲ ಬರೆದು ಕೊಡಿ. ಬಿಳಿ ಹಾಳೆಯಲ್ಲಿ ಒಂದು ಅರ್ಜಿ ಸಾಕು: ಮಗುವಿನ ಹೆಸರು, ತರಗತಿ, ಸ್ಯಾಟ್ಸ್ ನಂಬರ್, ಏನಾಗಬೇಕು, ಯಾವತ್ತು ಮೊದಲು ಕೇಳಿದ್ದಿರಿ. ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಆ ಸೀಲು ಬಿದ್ದ ಕಾಗದ ಕೈಯಲ್ಲಿದ್ದರೆ ಮುಂದಿನ ಮೆಟ್ಟಿಲಲ್ಲಿ ನಿಮ್ಮ ಮಾತಿಗೆ ಬೆಲೆ ಬರುತ್ತದೆ. ಹೆಡ್‌ಮಾಸ್ಟರ್ ಆದಮೇಲೆ ತಾಲ್ಲೂಕಿನ ಬಿಇಒ, ಅಲ್ಲೂ ಆಗದಿದ್ದರೆ ಜಿಲ್ಲೆಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರು, ಅಂದರೆ ಡಿಡಿಪಿಐ. ಜಗಳ ಆಡಿಕೊಂಡು ಮೊದಲ ದಿನವೇ ಡಿಡಿಪಿಐ ಹತ್ತಿರ ಓಡಬೇಡಿ. ಅವರು ಅದೇ ಅರ್ಜಿಯನ್ನು ಬಿಇಒಗೆ ಕಳಿಸುತ್ತಾರೆ, ಬಿಇಒ ಶಾಲೆಗೆ ಕಳಿಸುತ್ತಾರೆ, ನಿಮಗೆ ಒಂದು ತಿಂಗಳು ಹೋಗುತ್ತದೆ. ಯಾವುದಕ್ಕೆ ದುಡ್ಡು ಕೊಟ್ಟರೂ ರಸೀದಿ ತೆಗೆದುಕೊಳ್ಳಿ.

ಹತ್ತನೇ ತರಗತಿ

ಹಾಜರಿ ಶೇ 75 ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಮದುವೆ, ಜಾತ್ರೆ ಅಂತ ವಾರಗಟ್ಟಲೆ ರಜೆ ಹಾಕಿಸುವಾಗ ಇದು ನೆನಪಿರಲಿ. ಪರೀಕ್ಷೆಗೆ ಮುಂಚೆ ಶಾಲೆಯಲ್ಲಿ ನಾಮಿನಲ್ ರೋಲ್ ಸಿದ್ಧವಾಗುತ್ತದೆ. ಪರೀಕ್ಷಾ ಮಂಡಳಿಗೆ ಹೋಗುವ ಮಕ್ಕಳ ಪಟ್ಟಿ ಅದು. ಮಕ್ಕಳಿಂದ ಸಹಿ ಮಾಡಿಸಿಕೊಳ್ಳುತ್ತಾರೆ. ನಲವತ್ತು ಮಕ್ಕಳು ಸಾಲಾಗಿ ನಿಂತು, ಹಿಂದಿನಿಂದ ತಳ್ಳಿಸಿಕೊಳ್ಳುತ್ತ, ಪೆನ್ನು ಸಾಲ ಪಡೆದು ಸಹಿ ಹಾಕುತ್ತಾರೆ. ಅಲ್ಲಿ ಯಾರು ಸ್ಪೆಲ್ಲಿಂಗ್ ಓದುತ್ತಾರೆ ಹೇಳಿ? ಆ ವಾರ ನೀವೇ ಹೋಗಿ ಓದಿ. ತಪ್ಪು ತಿದ್ದಲು ಸುಲಭದ ಕೊನೆ ಅವಕಾಶ ಅದೇ.

2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಮೊದಲನೆಯದರಲ್ಲಿ ಒಂದು ವಿಷಯ ಹೋದರೆ ಎರಡನೆಯದು ಇದೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು. ಫಲಿತಾಂಶದ ದಿನ ಮಗುವಿನ ಮುಖ ನೋಡುವ ಮುಂಚೆ ಈ ವಿಷಯ ನಿಮಗೆ ಗೊತ್ತಿರಲಿ. ಅಂಕ ಕಡಿಮೆ ಅನ್ನಿಸಿದರೆ ಮೊದಲು ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಂಡು ವಿಷಯದ ಮೇಷ್ಟ್ರಿಗೆ ತೋರಿಸಿ, ಆಮೇಲೆ ಮರುಮೌಲ್ಯಮಾಪನಕ್ಕೆ ಹಾಕುವುದೋ ಬೇಡವೋ ನೋಡಿ.

ಟಿಸಿ ತೆಗೆದುಕೊಳ್ಳಲು ಹೋದ ದಿನವೇ ಇನ್ನೆರಡು ಕಾಗದ ಕೇಳಿ: ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರ ಮತ್ತು ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ. ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ, ಗ್ರಾಮೀಣದ್ದಕ್ಕೆ ಗ್ರಾಮೀಣ ಶಾಲೆಯಲ್ಲಿ, ಓದಿರಬೇಕು. ಸಿಇಟಿಯಲ್ಲಿ ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಹೆಡ್‌ಮಾಸ್ಟರ್ ಸಹಿಯ ಜೊತೆ ಬಿಇಒ ಮೇಲುಸಹಿ ಬೇಕು. ಮಗು ಪ್ರೈಮರಿ ಬೇರೆ ಶಾಲೆಯಲ್ಲಿ ಓದಿದ್ದರೆ ಆ ವರ್ಷಗಳಿಗೆ ಆ ಶಾಲೆಯಿಂದಲೇ ತರಬೇಕು. ಸಿಇಟಿ ಹೊತ್ತಿಗೆ ಇದಕ್ಕೆ ಬಿಇಒ ಆಫೀಸಿನ ಮುಂದೆ ಸಾಲು ನಿಂತಿರುತ್ತದೆ. ಮೇ, ಜೂನ್‌ನಲ್ಲೇ ಮುಗಿಸಿಕೊಳ್ಳಿ. ಅಂಕಪಟ್ಟಿ ಕೈಗೆ ಬಂದಾಗ ಹತ್ತು ಜೆರಾಕ್ಸ್ ಮಾಡಿಸಿ, ಅಸಲಿಗೆ ಮಾತ್ರ ಲ್ಯಾಮಿನೇಷನ್ ಮಾಡಿಸಬೇಡಿ. ಏನಾದರೂ ತಿದ್ದುಪಡಿ ಬಂದರೆ ಅದನ್ನೇ ವಾಪಸ್ ಕೊಡಬೇಕಾಗುತ್ತದೆ.