ವೋಚರಿನ ಮುಂದೆ ಮನಸ್ಸಾಕ್ಷಿ: ತೆರಿಗೆ ಸಲಹೆಗಾರನಾಗಿ ನನ್ನ ಅನುಭವ

ನಮ್ಮ ಕ್ರೈಸ್ತ ಸಭೆಗಳಲ್ಲಿ ಆತ್ಮಿಕ ರಾಜಿಯ ಕುರಿತು ಪ್ರಸಂಗ ನಡೆದಾಗಲೆಲ್ಲ ಉದಾಹರಣೆಗಳು ಹೆಚ್ಚುಕಡಿಮೆ ಅವೇ ಇರುತ್ತವೆ: ಕುಂಕುಮ, ಪ್ರಸಾದ, ಮದ್ಯ, ಭಾನುವಾರದ ಆರಾಧನೆ ತಪ್ಪಿಸಿ ಹೋದ ಮದುವೆ. ಇವು ಸಣ್ಣ ವಿಷಯಗಳೆಂದು ನಾನು ಹೇಳುವುದಿಲ್ಲ. ಆದರೆ ಹುಬ್ಬಳ್ಳಿಯಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕ ಬರೆದು, ಅವರ ಆದಾಯ ತೆರಿಗೆ ಮತ್ತು ಜಿಎಸ್‌ಟಿ ರಿಟರ್ನ್ ಸಲ್ಲಿಸಿ ಜೀವನ ನಡೆಸುವ ನನ್ನ ನಂಬಿಕೆಯನ್ನು ಇವುಗಳಲ್ಲಿ ಯಾವುದೂ ಒಂದು ನಗದು ವೋಚರಿನಷ್ಟು ಪರೀಕ್ಷಿಸಿಲ್ಲ.

ವ್ಯಾಪಾರದ ಖರ್ಚಿಗಾಗಿ ಒಬ್ಬ ವ್ಯಕ್ತಿಗೆ ಒಂದೇ ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚನ್ನು ಆದಾಯದಲ್ಲಿ ಕಳೆಯಲು ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹೀಗಾಗಿ ವರ್ಷಾಂತ್ಯದ ನಂತರ ನನ್ನ ಮೇಜಿಗೆ ಬರುವ ಕೆಲವು ಫೈಲುಗಳಲ್ಲಿ 9,500, 9,800, 9,900 ರೂಪಾಯಿಗಳ ಕೂಲಿ ವೋಚರುಗಳ ಕಟ್ಟೇ ಇರುತ್ತದೆ. ದಿನಾಂಕ ಬೇರೆ ಬೇರೆ, ಶಾಯಿ ಒಂದೇ. ಕೂಲಿಕಾರರ ಹೆಸರು ಬೇರೆ ಬೇರೆ, ರುಜುವಿನ ಓಟ ಒಂದೇ. ಹಿಂದಿನ ಜೂನ್ ತಿಂಗಳ ಮಳೆಗಾಲ ಕಂಡಿರಬೇಕಾದ ಕಾಗದಕ್ಕೆ ಒಂದು ಮಡಿಕೆಯೂ ಬಿದ್ದಿರುವುದಿಲ್ಲ. ತಂದವರು ಕೆಟ್ಟ ಜನರಲ್ಲ, ಮನೆಗೆ ಹೋದರೆ ಊಟ ಮಾಡಿಸದೆ ಕಳುಹಿಸುವವರೂ ಅಲ್ಲ. ಸುಳ್ಳು ಬರೆಯಿರಿ ಎಂದು ಅವರು ನನ್ನನ್ನು ಎಂದೂ ಕೇಳುವುದಿಲ್ಲ. "ನೀವೇನ್ ಸುಳ್ಳ ಬರೀಬ್ಯಾಡ್ರಿ ಸರ್, ನಾವ್ ಕೊಟ್ಟದ್ದನ್ನ ಕೂಡಿಸಿ ಹಾಕ್ರಿ ಸಾಕು" ಎನ್ನುತ್ತಾರೆ. ಪಾಪ ಮಾಡಲು ಹೇಳುವವರನ್ನು ಎದುರಿಸುವುದು ಸುಲಭ. ನೋಡಿದ್ದನ್ನು ನೋಡದಂತಿರಲು ಕೇಳುವವರನ್ನು, ಅದೂ ಪ್ರೀತಿಯಿಂದ ಕೇಳುವವರನ್ನು, ಎದುರಿಸುವುದು ಹಾಗಲ್ಲ.

ಈ ವೃತ್ತಿಯನ್ನೇ ಬಿಡಬೇಕೆಂದು ಸಲಹೆ ಕೊಟ್ಟ ಹಿರಿಯರೂ ಇದ್ದಾರೆ. ಅವರಿಗೆ ನಾನು ಲೂಕನ ಸುವಾರ್ತೆಯ 3ನೆಯ ಅಧ್ಯಾಯವನ್ನು ತೋರಿಸುತ್ತೇನೆ. ದೀಕ್ಷಾಸ್ನಾನಕ್ಕೆ ಬಂದ ಸುಂಕದವರು ತಾವೇನು ಮಾಡಬೇಕೆಂದು ಕೇಳಿದಾಗ ಸ್ನಾನಿಕನಾದ ಯೋಹಾನನು ಸುಂಕದ ಕಟ್ಟೆಯನ್ನು ಬಿಟ್ಟು ಅರಣ್ಯಕ್ಕೆ ಬನ್ನಿ ಎನ್ನಲಿಲ್ಲ. ನೇಮಿಸಿದ್ದಕ್ಕಿಂತ ಹೆಚ್ಚು ವಸೂಲು ಮಾಡಬೇಡಿ ಎಂದಷ್ಟೇ ಹೇಳಿದನು. ಸುಂಕದವನಾದ ಮತ್ತಾಯನನ್ನು ಕರ್ತನಾದ ಯೇಸು ಕಟ್ಟೆಯಿಂದ ಎಬ್ಬಿಸಿದ್ದು ನಿಜ, ಆದರೆ ಸುಂಕದವರ ಮುಖ್ಯಸ್ಥನಾಗಿದ್ದ ಜಕ್ಕಾಯನು ಹುದ್ದೆ ಬಿಟ್ಟನೆಂದು ಎಲ್ಲಿಯೂ ಬರೆದಿಲ್ಲ. ಅನ್ಯಾಯವಾಗಿ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಅವನು ಹೇಳಿದ್ದು ಮಾತ್ರ ಬರೆದಿದೆ. ನನ್ನಂಥವರಿಗೆ ಇದು ದೊಡ್ಡ ಸಮಾಧಾನ, ಅಷ್ಟೇ ದೊಡ್ಡ ಇಕ್ಕಟ್ಟು ಕೂಡ.

ನಾನು ಕಂಡುಕೊಂಡ ಮೊದಲ ಕ್ರಮವೆಂದರೆ, ಇಲ್ಲ ಎನ್ನುವ ಕೆಲಸವನ್ನು ಕೊನೆಯ ದಿನಗಳಿಗೆ ಉಳಿಸಿಕೊಳ್ಳದಿರುವುದು. ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕ ಎದುರಿಗಿರುವಾಗ, ಗಿರಾಕಿ ಎದುರಿನ ಕುರ್ಚಿಯಲ್ಲಿ ಕುಳಿತು ಗಡಿಯಾರ ನೋಡುತ್ತಿರುವಾಗ, ಮನಸ್ಸಾಕ್ಷಿಯನ್ನು ವಿಚಾರಿಸಲು ಸಮಯವಿರುವುದಿಲ್ಲ. ಸೆರೆಯಾಗಿ ಬಾಬೆಲಿನ ಅರಮನೆಗೆ ಹೋದ ದಾನಿಯೇಲನು ಅರಸನ ಭೋಜನದಿಂದ ಅಶುದ್ಧನಾಗಬಾರದೆಂದು ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿದ್ದನು. ತಟ್ಟೆ ಮುಂದೆ ಬಂದ ಮೇಲೆ ಯೋಚಿಸಲು ಕುಳಿತವನಲ್ಲ. ಹಾಗಾಗಿ ಏಪ್ರಿಲ್ ತಿಂಗಳಲ್ಲೇ ಪ್ರತಿಯೊಬ್ಬ ಗಿರಾಕಿಗೂ ನಾನು ಯಾವ ಕಾಗದಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ, ಯಾವುದನ್ನು ಹಿಂದಿರುಗಿಸುತ್ತೇನೆ ಎಂಬುದನ್ನು ಒಂದು ಪುಟದಲ್ಲಿ ಬರೆದು ಕೊಡುತ್ತೇನೆ. ಅದರಲ್ಲಿ ಸತ್ಯವೇದದ ವಚನಗಳಿರುವುದಿಲ್ಲ. ನನ್ನ ಧರ್ಮ ಒಪ್ಪುವುದಿಲ್ಲ ಎಂದು ಹೇಳಿದರೆ ಎದುರಿನವರಿಗೆ ತಮ್ಮ ಧರ್ಮವನ್ನು ಕೀಳಾಗಿಸಿದಂತೆ ಕೇಳಿಸುತ್ತದೆ. ಈ ಲೆಕ್ಕವನ್ನು ನಾನು ಸಲ್ಲಿಸಲಾರೆ ಎಂದರೆ ಮಾತು ನನ್ನ ಮೇಲೆಯೇ ನಿಲ್ಲುತ್ತದೆ. ಯಾಕೆ ಎಂದು ಅವರಾಗಿ ಕೇಳಿದಾಗ ಕ್ರಿಸ್ತನ ಹೆಸರನ್ನು ಮುಚ್ಚಿಡುವುದಿಲ್ಲ.

ದಾನಿಯೇಲನ ಕಥೆಯಲ್ಲಿ ನಾವು ಅವಸರದಲ್ಲಿ ದಾಟಿ ಹೋಗುವ ಇನ್ನೊಂದು ಭಾಗವಿದೆ. ಅವನು ಒಲ್ಲೆ ಎಂದು ಸುಮ್ಮನೆ ಕೂರಲಿಲ್ಲ. ಹತ್ತು ದಿನ ಕಾಯಿಪಲ್ಯ ಮತ್ತು ನೀರು ಕೊಟ್ಟು ನೋಡಿ ಎಂದು ಮೇಲ್ವಿಚಾರಕನ ಕಷ್ಟಕ್ಕೂ ಒಂದು ದಾರಿ ತೋರಿಸಿದನು. ನನ್ನ ಗಿರಾಕಿಗಳಲ್ಲಿ ಅನೇಕರಿಗೆ ಆ ಸುಳ್ಳು ವೋಚರುಗಳ ಅಗತ್ಯವೇ ಇರುವುದಿಲ್ಲ. ವಾರ್ಷಿಕ ವಹಿವಾಟು 2 ಕೋಟಿ ರೂಪಾಯಿಯೊಳಗಿದ್ದರೆ, ನಗದು ಸ್ವೀಕೃತಿ ಶೇಕಡಾ 5 ಮೀರದಿದ್ದಲ್ಲಿ 3 ಕೋಟಿಯವರೆಗೂ, ವಹಿವಾಟಿನ ಶೇಕಡಾ 8ರಷ್ಟನ್ನು, ಬ್ಯಾಂಕಿನ ಮೂಲಕ ಬಂದ ಭಾಗಕ್ಕೆ ಶೇಕಡಾ 6ರಷ್ಟನ್ನು, ಲಾಭವೆಂದು ಘೋಷಿಸಿ, ವಿವರವಾದ ಲೆಕ್ಕಪುಸ್ತಕಗಳಿಲ್ಲದೆ ತೆರಿಗೆ ಕಟ್ಟುವ ಅವಕಾಶ ಹೆಚ್ಚಿನ ಸಣ್ಣ ವ್ಯಾಪಾರಿಗಳಿಗಿದೆ. ನಿಜವಾದ ಲಾಭ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚನ್ನೇ ತೋರಿಸಬೇಕು ಎಂಬುದನ್ನೂ ಜೊತೆಗೆ ಹೇಳುತ್ತೇನೆ, ಏಕೆಂದರೆ ಈ ಅವಕಾಶದೊಳಗೂ ರಾಜಿ ಮೆಲ್ಲನೆ ನುಸುಳುತ್ತದೆ. ಉಳಿದವರಿಗೆ ಕೂಲಿಯನ್ನು ಯುಪಿಐ ಮೂಲಕ ಕೊಡುವುದನ್ನು ರೂಢಿ ಮಾಡಿಸಿದ್ದೇನೆ. ಇದಕ್ಕೆ ಕುಳಿತು ಕಲಿಸಬೇಕಾಗುತ್ತದೆ, ಶುಲ್ಕವಿಲ್ಲದ ಸಮಯ ಹೋಗುತ್ತದೆ. ಆದರೆ ದಾರಿ ತೋರಿಸದೆ ಬರಿದೇ ಇಲ್ಲವೆನ್ನುವ ಹಕ್ಕು ನನಗಿದೆಯೆಂದು ಅನ್ನಿಸುವುದಿಲ್ಲ.

ಇಷ್ಟಾದರೂ ಕೆಲವರು ಫೈಲು ತೆಗೆದುಕೊಂಡು ಬೇರೆಯವರ ಬಳಿಗೆ ಹೋಗುತ್ತಾರೆ. ಆ ನಷ್ಟವನ್ನು ತಾಳಿಕೊಳ್ಳಲು ಪ್ರಾರ್ಥನೆಯ ಜೊತೆಗೆ ಒಂದು ಲೌಕಿಕ ಏರ್ಪಾಡನ್ನೂ ಮಾಡಿಕೊಂಡಿದ್ದೇನೆ: ಯಾವ ಒಬ್ಬ ಗಿರಾಕಿಯೂ ಬಿಟ್ಟುಹೋದರೆ ಮನೆ ಬಾಡಿಗೆಗೆ ತೊಂದರೆಯಾಗುವಷ್ಟು ದೊಡ್ಡವನಾಗದಂತೆ ನೋಡಿಕೊಳ್ಳುತ್ತೇನೆ. ಕಾರಿನ ಸಾಲ ಮಾಡದಿರಲು ನನ್ನ ಹೆಂಡತಿ ಒಪ್ಪಿದ್ದೂ ಇದೇ ಲೆಕ್ಕದ ಮೇಲೆ. ತಿಂಗಳ ಕಂತು ಕುತ್ತಿಗೆಗೆ ಬಿದ್ದವನ ಮನಸ್ಸಾಕ್ಷಿ ಬೇಗ ಬಾಗುತ್ತದೆಂಬುದನ್ನು ನಾನು ಇತರರ ಫೈಲುಗಳಲ್ಲಿ ಸಾಕಷ್ಟು ಓದಿದ್ದೇನೆ.

ಅತ್ಯಂತ ಕಠಿಣವಾದದ್ದು ನಮ್ಮವರೇ ಬಂದಾಗ. ತೆರಿಗೆ ಉಳಿಸಲೆಂದು ಸ್ವಂತ ಮನೆಯಲ್ಲಿದ್ದುಕೊಂಡು ಬಾಡಿಗೆ ರಸೀದಿ ತರುವವರು, ವಾರ್ಷಿಕ ಬಾಡಿಗೆ 1 ಲಕ್ಷ ದಾಟಿದರೆ ಮನೆಮಾಲೀಕರ ಪ್ಯಾನ್ ಕೊಡಬೇಕಾಗುತ್ತದೆಂದು ತಿಳಿದು ಅದರೊಳಗೇ ಅಂಕಿ ಕೂರಿಸುವವರು, ಹೆಸರೇ ಕೇಳದ ರಾಜಕೀಯ ಪಕ್ಷಕ್ಕೆ ಬ್ಯಾಂಕಿನಿಂದ ದೇಣಿಗೆ ಕೊಟ್ಟು ಕಮಿಷನ್ ಕಳೆದು ಉಳಿದದ್ದನ್ನು ನಗದಾಗಿ ಹಿಂದೆ ಪಡೆಯುವವರು, ಇವರಲ್ಲಿ ಭಾನುವಾರ ನನ್ನ ಪಕ್ಕದ ಬೆಂಚಿನಲ್ಲಿ ಕುಳಿತು ಕೀರ್ತನೆ ಹಾಡುವವರೂ ಇದ್ದಾರೆ. ತಾಯಿಗೆ ನಿಜವಾಗಿ ಬಾಡಿಗೆ ಕೊಟ್ಟು, ಆ ಬಾಡಿಗೆಯನ್ನು ತಾಯಿಯ ಆದಾಯದಲ್ಲಿ ತೋರಿಸಿದರೆ ಅದರಲ್ಲಿ ತಪ್ಪಿಲ್ಲ. ಆದ್ದರಿಂದ ಮೊದಲು ಹಣ ಖಾತೆಯಿಂದ ಖಾತೆಗೆ ಹೋಗಿದೆಯೇ ಎಂದಷ್ಟೇ ಕೇಳುತ್ತೇನೆ, ಉಪದೇಶ ಮಾಡುವುದಿಲ್ಲ. ಈಗ ಹೆಚ್ಚಿನವರು ಹೊಸ ತೆರಿಗೆ ಪದ್ಧತಿಗೆ ಹೋಗಿರುವುದರಿಂದ ಬಾಡಿಗೆಯ ವಿನಾಯಿತಿಯೇ ಇಲ್ಲದಂತಾಗಿ ಈ ಪ್ರಲೋಭನೆ ಕಡಿಮೆಯಾಗಿದೆ. ಅದರಲ್ಲಿ ನಮ್ಮ ಪರಿಶುದ್ಧತೆಯ ಪಾಲೇನೂ ಇಲ್ಲ.

ಹಬ್ಬಗಳ ವಿಷಯದಲ್ಲಿ ನನಗೆ ಇಷ್ಟು ಕಷ್ಟವಾಗಿಲ್ಲ. ದೀಪಾವಳಿಗೆ ನಮ್ಮ ಕಡೆ ಅಂಗಡಿಗಳಲ್ಲಿ ಲಕ್ಷ್ಮೀಪೂಜೆ ಮಾಡಿ, ಹೊಸ ಲೆಕ್ಕದ ಪುಸ್ತಕಗಳನ್ನೂ ಪೂಜೆಗೆ ಇಡುತ್ತಾರೆ. ಲೆಕ್ಕ ಬರೆಯುವವನಿಗೆ ಆ ದಿನ ಕರೆ ಇದ್ದೇ ಇರುತ್ತದೆ. ಪೂಜೆಯಲ್ಲಿ ನಾನು ನಿಲ್ಲುವುದಿಲ್ಲ, ಮರುದಿನ ಹೋಗಿ ಶುಭಾಶಯ ಹೇಳಿ ಚಹಾ ಕುಡಿದು ಬರುತ್ತೇನೆ. ಪೌಲನು ಕೊರಿಂಥದವರಿಗೆ ಬರೆದಂತೆ, ಕರೆದವರ ಮನೆಯಲ್ಲಿ ಬಡಿಸಿದ್ದನ್ನು ವಿಚಾರಣೆ ಮಾಡದೆ ಉಣ್ಣುತ್ತೇನೆ. ಇದು ನೈವೇದ್ಯದ್ದು ಎಂದು ಹೇಳಿ ಕೊಟ್ಟರೆ ಕೈಮುಗಿದು ಬೇಡವೆನ್ನುತ್ತೇನೆ. ದಸರಾದಲ್ಲಿ ಬನ್ನಿ ಕೊಟ್ಟರೆ, ಸಂಕ್ರಾಂತಿಗೆ ಕುಸುರೆಳ್ಳು ಕೊಟ್ಟರೆ, ಅದನ್ನು ನೆರೆಹೊರೆಯ ಪ್ರೀತಿಯೆಂದು ಸ್ವೀಕರಿಸುತ್ತೇನೆ. ಬನ್ನಿಯನ್ನೂ ಮುಟ್ಟದ ಸಹೋದರರು ನಮ್ಮ ಸಭೆಯಲ್ಲಿದ್ದಾರೆ, ಅವರ ಎದುರಿನಲ್ಲಿ ನನ್ನ ಸ್ವಾತಂತ್ರ್ಯವನ್ನು ನಾನು ಮೆರೆಸುವುದಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಪ್ರಸಾದ ಬೇಡವೆಂದಾಗ ಯಾವ ಗಿರಾಕಿಯೂ ನನ್ನ ಮೇಲೆ ಮುನಿಸಿಕೊಂಡಿಲ್ಲ. ಮುನಿಸಿಕೊಂಡದ್ದೆಲ್ಲ ವೋಚರ್ ಬೇಡವೆಂದಾಗಲೇ.

ರಾಜಿ ಮಾಡಿಕೊಳ್ಳದವನಿಗೆ ಹೊಟ್ಟೆಪಾಡಿನ ಪ್ರಶ್ನೆ ಎದುರಾಗುತ್ತದೆಂಬುದು ನಮ್ಮ ಹಿಂದಿನವರಿಗೆ ಚೆನ್ನಾಗಿ ಗೊತ್ತಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯು, ಕ್ರೈಸ್ತರಾದ ಬಿಲ್ಲವರು ಶೇಂದಿ ಇಳಿಸುವ ಕಸುಬನ್ನು ಬಿಡಬೇಕೆಂದು ಒತ್ತಾಯಿಸಿತು, ಆದರೆ ಕಸುಬು ಬಿಡಿಸಿ ಕೈಬಿಡಲಿಲ್ಲ. ನೇಯ್ಗೆ ಶಾಲೆಗಳನ್ನು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದು ದುಡಿಮೆ ಕೊಟ್ಟಿತು. ಇಂದು ನಾವು ನಿಯಮವನ್ನು ಉಳಿಸಿಕೊಂಡು ಕಾರ್ಖಾನೆಯನ್ನು ಮರೆತಿದ್ದೇವೆ. ಲಂಚ ಕೊಡದ ಗುತ್ತಿಗೆದಾರನಿಗೆ ಬಿಲ್ ಪಾಸಾಗದಿದ್ದರೆ ಅದು ಅವನೊಬ್ಬನ ಪ್ರಾರ್ಥನಾ ವಿಷಯವಾಗಿ ಉಳಿಯುತ್ತದೆ. ಆದ್ದರಿಂದ ವ್ಯಾಪಾರ, ಗುತ್ತಿಗೆ, ನೌಕರಿಗಳಲ್ಲಿರುವ ನಾವು ಕೆಲವರು ತಿಂಗಳಿಗೊಮ್ಮೆ ಸೇರಿ ಯಾರಿಗೆ ಎಲ್ಲಿ ಒತ್ತಡವಿದೆಯೆಂದು ಮಾತಾಡಿ, ಸಾಧ್ಯವಾದಲ್ಲಿ ಒಬ್ಬರಿಗೊಬ್ಬರು ಕೆಲಸ ಒದಗಿಸುವುದನ್ನು ಆರಂಭಿಸಿದ್ದೇವೆ. ಹೆಚ್ಚೇನೂ ಆಗಿಲ್ಲ, ಆದರೆ ಒಬ್ಬಂಟಿಯಾಗಿ ಇಲ್ಲವೆನ್ನುವುದಕ್ಕಿಂತ ಇದು ಹಗುರ.

ಇದೇ ರಾಜಿಯ ಪ್ರಶ್ನೆ ನಮ್ಮ ಸಭೆಯ ದೇವಾಲಯದ ಕಾಂಪೌಂಡ್ ಗೋಡೆಯ ದುರಸ್ತಿಯಲ್ಲೂ ಬಂತು. ಸಿಮೆಂಟಿನ ಮೇಲೆ ಆಗ ಶೇಕಡಾ 28ರಷ್ಟು ಜಿಎಸ್‌ಟಿ ಇತ್ತು. ಬಿಲ್ ಇಲ್ಲದೆ ತಂದರೆ ಕಾಣಿಕೆಯ ಹಣ ಉಳಿಯುತ್ತದೆ, ಬಡವರ ಕಾಣಿಕೆಯನ್ನು ಸರ್ಕಾರಕ್ಕೆ ಯಾಕೆ ಕೊಡಬೇಕು ಎಂದು ಸಮಿತಿಯಲ್ಲಿ ವಾದ ನಡೆಯಿತು. ಬಿಲ್ ಇಲ್ಲದ ಖರ್ಚನ್ನು ಸಭೆಯ ಲೆಕ್ಕದಲ್ಲಿ ನಾನು ಬರೆಯಲಾರೆನೆಂದು ಹೇಳಿ, ಗೋಡೆಯನ್ನು ಎರಡು ಹಂತಗಳಲ್ಲಿ ಕಟ್ಟಿಸಿದರೆ ಎಷ್ಟಾಗುತ್ತದೆಂಬ ಅಂದಾಜು ಪಟ್ಟಿಯನ್ನೂ ಮುಂದಿಟ್ಟೆ. ಬಿಲ್ ತೆಗೆದುಕೊಂಡೇ ಖರೀದಿಸುವುದೆಂದು ತೀರ್ಮಾನವಾಯಿತು. ಗೋಡೆಯ ಹಿಂಭಾಗ ಮುಂದಿನ ವರ್ಷಕ್ಕೆ ಉಳಿಯಿತು, ಮತ್ತು ಸಮಿತಿಯ ಇಬ್ಬರು ಸದಸ್ಯರು ನಾನು ಕಾಣಿಕೆಯ ಹಣವನ್ನು ಪೋಲು ಮಾಡಿಸಿದೆನೆಂದು ಈಗಲೂ ಹೇಳುತ್ತಾರೆ.